ಮೊಬೈಲಿನಲ್ಲಿ ಐದು ಮೊತ್ತ, ಐದು ನಿಯಮ: ಅಂಗವಿಕಲರ ಪಿಂಚಣಿಯ ವಿಷಯದಲ್ಲಿ ಯಾವುದನ್ನು ನಂಬಬೇಕು?

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯವರು. ನನ್ನ ತಮ್ಮನಿಗೆ 29 ವರ್ಷ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಯಲು ಮರ ಹತ್ತಿದಾಗ ಜಾರಿ ಬಿದ್ದು ಬೆನ್ನುಮೂಳೆಗೆ ಪೆಟ್ಟಾಯಿತು. ಈಗ ಊರುಗೋಲು ಹಿಡಿದು ಮನೆಯೊಳಗೆ ಅಷ್ಟಿಷ್ಟು ಓಡಾಡುತ್ತಾನೆ. ಶೇ 60 ಅಂಗವೈಕಲ್ಯ ಎಂದು ಪ್ರಮಾಣಪತ್ರವೂ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡೂ ಬಂದಿವೆ. ಪಿಂಚಣಿ ಎಷ್ಟು ಸಿಗುತ್ತದೆ ಎಂದು ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ 300, ಇನ್ನೊಂದು ಕಡೆ 600, ಮತ್ತೊಂದು ಕಡೆ 800, 1,400, ಒಂದು ವಿಡಿಯೊದಲ್ಲಿ 6,000 ಎಂದೂ ಇದೆ. ಶೇ 80 ಇಲ್ಲದಿದ್ದರೆ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ ಎಂದು ಒಬ್ಬರು ಬರೆದಿದ್ದಾರೆ. ಕಾರ್ಡ್ ಬಂದರೆ ಹಣ ತಾನಾಗಿಯೇ ಖಾತೆಗೆ ಬರುತ್ತದೆ ಎಂದು ಇನ್ನೊಬ್ಬರು. ಒಂದು ವೆಬ್‌ಸೈಟ್ ಪಿಂಚಣಿ ನೋಂದಣಿಗೆಂದು ಆಧಾರ್ ಸಂಖ್ಯೆ ಬರೆಸಿಕೊಂಡು 499 ರೂಪಾಯಿ ಕಟ್ಟಲು ಹೇಳಿತು, ನಾನು ಕಟ್ಟಲಿಲ್ಲ. ಇದರಲ್ಲಿ ಯಾವುದು ನಿಜ? ಏನು ಮಾಡಬೇಕು?

ಉತ್ತರ: ನಿಮ್ಮ ತಮ್ಮನ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಉಳಿದ ಮಾತೆಲ್ಲ ಆಮೇಲೆ ಓದಬಹುದು, ಅರ್ಜಿ ಮಾತ್ರ ತಡವಾಗಬಾರದು. ಶೇ 60 ಅಂಗವೈಕಲ್ಯದ ಪ್ರಮಾಣಪತ್ರ ಇರುವ ಅವರು ಕರ್ನಾಟಕ ಸರ್ಕಾರದ ಅಂಗವಿಕಲ ಮಾಸಾಶನಕ್ಕೆ ಅರ್ಜಿ ಹಾಕಬಹುದು. ಈ ಯೋಜನೆಗೆ ಬೇಕಾದ ಕನಿಷ್ಠ ಪ್ರಮಾಣ ಶೇ 40. ಕುಟುಂಬದ ವಾರ್ಷಿಕ ಆದಾಯ ಮಿತಿಯೊಳಗೆ ಇದ್ದರೆ ಮತ್ತು ಅವರು ಬೇರೆ ಯಾವ ಸಾಮಾಜಿಕ ಭದ್ರತಾ ಪಿಂಚಣಿಯನ್ನೂ ಪಡೆಯುತ್ತಿಲ್ಲದಿದ್ದರೆ ಶೇ 60ರ ಪ್ರಮಾಣಕ್ಕೆ ಅನ್ವಯಿಸುವುದು ತಿಂಗಳಿಗೆ 800 ರೂಪಾಯಿಯ ದರ. ಕಾರ್ಡ್ ಬಂದ ಮಾತ್ರಕ್ಕೆ ಹಣ ಬರುವುದಿಲ್ಲ, ನಾಡಕಚೇರಿಯಲ್ಲಿ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು. 499 ರೂಪಾಯಿ ಕಟ್ಟದೆ ಉಳಿದದ್ದು ಬಹಳ ಒಳ್ಳೆಯದಾಯಿತು.

ನಾನು ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಸೇವೆಯ ಬಹುಭಾಗ ಶಿವಮೊಗ್ಗ ಜಿಲ್ಲೆಯ ಹೋಬಳಿಗಳಲ್ಲೇ ಕಳೆಯಿತು, ಪಿಂಚಣಿಯ ಕಡತಗಳು ಪ್ರತಿದಿನ ನನ್ನ ಮೇಜಿನ ಮೇಲೆ ಹಾದುಹೋಗುತ್ತಿದ್ದವು. ಆ ಅನುಭವದಿಂದ ಹೇಳುವುದಾದರೆ, ನೀವು ನೋಡಿದ ಐದು ಮೊತ್ತಗಳಲ್ಲಿ ಒಂದೂ ಶುದ್ಧ ಸುಳ್ಳಲ್ಲ. ಪ್ರತಿಯೊಂದೂ ಯಾರಿಗೋ, ಯಾವಾಗಲೋ, ಎಲ್ಲಿಯೋ ನಿಜವಾಗಿರುವ ಮೊತ್ತವೇ. ತೊಂದರೆ ಇರುವುದು ಅಲ್ಲಿಯೇ. ಹಸಿ ಸುಳ್ಳನ್ನು ಜನ ಬೇಗ ಗುರುತಿಸುತ್ತಾರೆ, ಆದರೆ ಬೇರೆಯವರ ಪಾಲಿನ ನಿಜವೊಂದು ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಾಗ ಗುರುತಿಸುವುದು ಕಷ್ಟ.

ಒಂದೊಂದನ್ನೇ ಬಿಡಿಸಿ ನೋಡೋಣ. 300 ರೂಪಾಯಿ ಎನ್ನುವುದು ಕೇಂದ್ರ ಸರ್ಕಾರದ ಇಂದಿರಾಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆಯ ಪಾಲು. 2009ರಲ್ಲಿ ಆರಂಭವಾದ ಈ ಯೋಜನೆ ಬಡತನ ರೇಖೆಗಿಂತ ಕೆಳಗಿರುವ, 18ರಿಂದ 79 ವರ್ಷದೊಳಗಿನ, ಶೇ 80 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ. ‘ಶೇ 80 ಇಲ್ಲದಿದ್ದರೆ ಅರ್ಜಿ ತೆಗೆದುಕೊಳ್ಳುವುದಿಲ್ಲ’ ಎಂದು ನಿಮಗೆ ಕಂಡ ಮಾತಿನ ಮೂಲವೂ ಇದೇ. ಬರೆದವರು ಕೇಂದ್ರದ ಯೋಜನೆಯ ನಿಯಮವನ್ನು ರಾಜ್ಯದ ಯೋಜನೆಗೆ ಅಂಟಿಸಿದ್ದಾರೆ. 600 ರೂಪಾಯಿ ರಾಜ್ಯದ್ದೇ, ಆದರೆ ಹಳೆಯ ದರ. ಶೇ 40ಕ್ಕಿಂತ ಹೆಚ್ಚು ಮತ್ತು ಶೇ 75ಕ್ಕಿಂತ ಕಡಿಮೆ ಇರುವವರಿಗೆ ಮೊದಲು ಸಿಗುತ್ತಿದ್ದುದು ಅಷ್ಟು, ಆಮೇಲೆ ಅದು 800ಕ್ಕೆ ಏರಿತು. ಶೇ 75ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ 1,400. ತೀವ್ರ ಸ್ವರೂಪದ ಬೌದ್ಧಿಕ ಅಂಗವೈಕಲ್ಯ ಇರುವವರಿಗೆ 2,000 ಎಂಬ ಇನ್ನೊಂದು ದರವಿದೆ. ಇನ್ನು 6,000 ಆಂಧ್ರಪ್ರದೇಶದ್ದು. ಅಲ್ಲಿನ ಸರ್ಕಾರ 2024ರಲ್ಲಿ ಅಂಗವಿಕಲರ ಪಿಂಚಣಿಯನ್ನು 3,000ದಿಂದ 6,000ಕ್ಕೆ ಏರಿಸಿತು. ಆ ಸುದ್ದಿಯನ್ನು ಕನ್ನಡದಲ್ಲಿ ಹೇಳಿದ ವಿಡಿಯೊದವರು ವಿಡಿಯೊ ತೆರೆಯುವ ಮೊದಲು ಕಾಣುವ ಚಿತ್ರದಲ್ಲಿ ಮೊತ್ತವನ್ನು ದಪ್ಪಕ್ಷರದಲ್ಲಿ ಹಾಕಿ, ರಾಜ್ಯದ ಹೆಸರನ್ನು ಆರನೆಯ ನಿಮಿಷದಲ್ಲಿ ಹೇಳಿದರೆ, ಮಲೆನಾಡಿನ ಮೂಲೆಯಲ್ಲಿ ಕುಳಿತು ಎರಡು ನಿಮಿಷಕ್ಕೆ ಸಿಗ್ನಲ್ ಕಳೆದುಕೊಳ್ಳುವವರಿಗೆ ಉಳಿಯುವುದು ಆ ಮೊತ್ತವೊಂದೇ.

ಆದ್ದರಿಂದ ಯಾವುದೇ ಮೊತ್ತ ಅಥವಾ ನಿಯಮ ಕಣ್ಣಿಗೆ ಬಿದ್ದಾಗ ಇದು ಯಾವ ಸರ್ಕಾರದ್ದು, ಯಾವ ವರ್ಷದ್ದು, ಯಾವ ಯೋಜನೆಯದು, ಎಷ್ಟು ಪ್ರಮಾಣದ ಅಂಗವೈಕಲ್ಯಕ್ಕೆ ಎಂದು ಕೇಳಬೇಕು. ಈ ನಾಲ್ಕಕ್ಕೂ ಆ ಪುಟದಲ್ಲಿಯೇ ಉತ್ತರ ಸಿಗದಿದ್ದರೆ, ಅದನ್ನು ಬರೆದವರು ಎಷ್ಟೇ ಸಜ್ಜನರಾಗಿದ್ದರೂ, ಆ ಮಾಹಿತಿಯ ಮೇಲೆ ಯಾವ ನಿರ್ಧಾರವನ್ನೂ ಮಾಡಬಾರದು. ಪುಟದಲ್ಲಿ ದಿನಾಂಕ ಇಲ್ಲದಿದ್ದರೂ ಅದರ ವಯಸ್ಸನ್ನು ಊಹಿಸಲು ಕೆಲವು ಗುರುತುಗಳಿವೆ. ಅಂಗವೈಕಲ್ಯಗಳು ಏಳು ಬಗೆ ಎಂದು ಬರೆದಿದ್ದರೆ ಅದು 1995ರ ಕಾಯ್ದೆಯ ಕಾಲದ್ದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ, ಅದು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಆದಾಯ ಮಿತಿ ಹಳ್ಳಿಯಲ್ಲಿ 12,000, ಪಟ್ಟಣದಲ್ಲಿ 17,000 ಎಂದಿದ್ದರೆ ಅದೂ ಹಳೆಯದೇ, ಆಮೇಲೆ ಆ ಮಿತಿ 32,000ಕ್ಕೆ ಏರಿದೆ. ಉದ್ಯೋಗದಲ್ಲಿ ಶೇ 3 ಮೀಸಲಾತಿ ಎಂದು ಬರೆದ ಪುಟವೂ ಹಳೆಯ ಕಾಯ್ದೆಯದು, ಈಗ ಅದು ಶೇ 4. ಬಳಸಿದ ಪದ ಕೂಡ ಎಷ್ಟೋ ಸಲ ಮೂಲವನ್ನು ಹೇಳಿಬಿಡುತ್ತದೆ. ‘ದಿವ್ಯಾಂಗ’ ಎಂಬುದು ಹೆಚ್ಚಾಗಿ ಕೇಂದ್ರದ ಕಾಗದಗಳ ಮಾತು, ‘ವಿಕಲಚೇತನ’ ಎಂಬುದು ನಮ್ಮ ರಾಜ್ಯದ ಸಬಲೀಕರಣ ಇಲಾಖೆಯ ಮಾತು, ಪಿಂಚಣಿ ಕೊಡುವ ಕಂದಾಯ ಇಲಾಖೆಯ ಕಾಗದಗಳಲ್ಲಿ ಇಂದಿಗೂ ‘ಅಂಗವಿಕಲ’ ಎಂದೇ ಇರುತ್ತದೆ. ಹುಡುಕುವಾಗ ಈ ಮೂರೂ ಪದಗಳನ್ನು ಬಳಸಿ ನೋಡಿದರೆ ಬೇರೆ ಬೇರೆ ಪುಟಗಳು ತೆರೆದುಕೊಳ್ಳುವುದಕ್ಕೆ ಕಾರಣವೂ ಇದೇ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಅಂಗವಿಕಲರಿಗೆ ಸಂಬಂಧಿಸಿದ್ದೆಲ್ಲವೂ ಒಂದೇ ಕಚೇರಿಯಲ್ಲಿ ಇರುತ್ತದೆ ಎಂದು ಜನ ಭಾವಿಸುತ್ತಾರೆ, ಅಂತರ್ಜಾಲದ ಬರಹಗಳೂ ಹಾಗೆಯೇ ಬರೆಯುತ್ತವೆ. ವಾಸ್ತವದಲ್ಲಿ ಪ್ರಮಾಣಪತ್ರ ಕೊಡುವುದು ಆರೋಗ್ಯ ಇಲಾಖೆಯ ವೈದ್ಯರು. ಪಿಂಚಣಿ ಕಂದಾಯ ಇಲಾಖೆಗೆ ಸೇರಿದ ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯದ್ದು. ಸಾಧನ ಸಲಕರಣೆ, ವಿದ್ಯಾರ್ಥಿವೇತನ, ಯಂತ್ರಚಾಲಿತ ದ್ವಿಚಕ್ರ ವಾಹನ, ಸ್ವಂತ ಉದ್ಯೋಗದ ಸಹಾಯ ಇವೆಲ್ಲ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯವು. ಬಸ್ ಪಾಸ್ ಸಾರಿಗೆ ನಿಗಮದ್ದು. ಒಂದು ಇಲಾಖೆಯ ಜಾಲತಾಣದಲ್ಲಿ ಇನ್ನೊಂದು ಇಲಾಖೆಯ ಯೋಜನೆಯ ವಿವರ ಕಂಡರೆ ಅದು ಹಳೆಯದಾಗಿರುವ ಸಂಭವ ಹೆಚ್ಚು, ಏಕೆಂದರೆ ದರ ಬದಲಾದಾಗ ಆದೇಶ ಹೊರಡಿಸಿದ ಇಲಾಖೆ ತನ್ನ ಪುಟವನ್ನು ತಿದ್ದುತ್ತದೆಯೇ ಹೊರತು ಪಕ್ಕದವರದನ್ನು ತಿದ್ದುವುದಿಲ್ಲ. ಸರ್ಕಾರಿ ಜಾಲತಾಣವೆಂದರೆ ತಪ್ಪೇ ಇರುವುದಿಲ್ಲ ಎಂದು ನಾನು ಹೇಳಲಾರೆ. ಹಳೆಯ ಸುತ್ತೋಲೆಯೊಂದು ವರ್ಷಗಟ್ಟಲೆ ಹಾಗೆಯೇ ಉಳಿದಿರುವುದನ್ನು ನಾನೇ ಕಂಡಿದ್ದೇನೆ.

ಹಾಗಾದರೆ ಕೊನೆಯ ಮಾತು ಯಾವುದು? ಸರ್ಕಾರಿ ಆದೇಶ. ಇದನ್ನು ಗುರುತಿಸುವುದನ್ನು ಒಮ್ಮೆ ಕಲಿತುಬಿಟ್ಟರೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಅರ್ಧದಷ್ಟು ಗೊಂದಲ ತಾನಾಗಿ ಹೋಗುತ್ತದೆ. ನಮ್ಮ ರಾಜ್ಯದ ಆದೇಶದ ತಲೆಯಲ್ಲಿ ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂದಿರುತ್ತದೆ. ಅದರ ಕೆಳಗೆ ವಿಷಯ, ಆಮೇಲೆ ‘ಓದಲಾಗಿದೆ’ ಎಂಬ ಶೀರ್ಷಿಕೆಯಡಿ ಹಿಂದಿನ ಆದೇಶಗಳ ಸಂಖ್ಯೆ ಮತ್ತು ದಿನಾಂಕ, ನಂತರ ‘ಪ್ರಸ್ತಾವನೆ’, ಕೊನೆಗೆ ಆದೇಶದ ಸಂಖ್ಯೆ, ‘ಬೆಂಗಳೂರು’ ಎಂದು ಬರೆದು ದಿನಾಂಕ, ಮತ್ತು ಆದೇಶದ ಭಾಗ. ಮುಗಿಯುವಾಗ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂದು ಬರೆದು ಅಧಿಕಾರಿಯ ಸಹಿ ಇರುತ್ತದೆ. ಇದರಲ್ಲಿ ‘ಪ್ರಸ್ತಾವನೆ’ಯ ಭಾಗವನ್ನು ಓದಿ ಮೋಸಹೋಗುವವರು ಬಹಳ. ಆ ಭಾಗದಲ್ಲಿ ಯಾರು ಏನು ಕೇಳಿದರು, ಇಷ್ಟು ಹೆಚ್ಚಿಸಬೇಕೆಂದು ಯಾವ ಬೇಡಿಕೆ ಬಂತು ಎಂಬುದೆಲ್ಲ ಇರುತ್ತದೆ. ಅದು ಬೇಡಿಕೆ. ಸರ್ಕಾರ ಒಪ್ಪಿದ್ದು ಏನು ಎಂಬುದು ಅದರ ಕೆಳಗಿನ ಆದೇಶದ ಭಾಗದಲ್ಲಿ ಮಾತ್ರ ಇರುತ್ತದೆ. ಮೊದಲ ಪುಟದ ಫೋಟೊ ಮಾತ್ರ ಹಂಚಿ ಎರಡನೆಯ ಪುಟವನ್ನು ಬಿಟ್ಟಿದ್ದರೆ, ಆ ಎರಡನೆಯ ಪುಟ ಸಿಗುವವರೆಗೆ ಕಾಯಬೇಕು.

ಬಜೆಟ್ ಭಾಷಣದ ವಿಷಯವೂ ಹೀಗೆಯೇ. ಮುಖ್ಯಮಂತ್ರಿಗಳು ವಿಧಾನಸಭೆಯಲ್ಲಿ ಒಂದು ಮೊತ್ತವನ್ನು ಓದಿದ ಸಂಜೆಯೇ ‘ಇಂದಿನಿಂದ ಜಾರಿ’ ಎಂಬ ಸಂದೇಶಗಳು ಹರಿದಾಡುತ್ತವೆ. ಘೋಷಣೆ ಆದಮೇಲೆ ಹಣಕಾಸು ಇಲಾಖೆಯ ಒಪ್ಪಿಗೆ, ಆಮೇಲೆ ಇಲಾಖೆಯ ಆದೇಶ, ಆಮೇಲೆ ಖಜಾನೆಯ ತಂತ್ರಾಂಶದಲ್ಲಿ ಬದಲಾವಣೆ, ಇಷ್ಟೂ ಆಗಬೇಕು. ಕಾಯ್ದೆಯ ಮಾತನ್ನೂ ಜನ ಹೀಗೆಯೇ ತಪ್ಪಾಗಿ ತಿಳಿಯುತ್ತಾರೆ. 2016ರ ಕಾಯ್ದೆಯ 24ನೆಯ ಸೆಕ್ಷನ್ನಿನಲ್ಲಿ ಅಂಗವಿಕಲರಿಗೆ ಕೊಡುವ ನೆರವು ಅದೇ ಬಗೆಯ ಬೇರೆ ಯೋಜನೆಗಳ ನೆರವಿಗಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು ಎಂದಿರುವುದು ನಿಜ. ಆದರೆ ಅದೇ ಸೆಕ್ಷನ್ ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಎಂಬ ಮಾತನ್ನೂ ಹೇಳುತ್ತದೆ. ಈ ಸೆಕ್ಷನ್ನನ್ನು ಹಿಡಿದು ಹೋರಾಡುವುದು ನ್ಯಾಯವಾದ ಕೆಲಸ, ನಾನು ಅದರ ಪರ. ಆದರೆ ಅದನ್ನು ತೋರಿಸಿ ನಾಡಕಚೇರಿಯ ಗುಮಾಸ್ತರಿಂದ ಹೆಚ್ಚಿನ ಮೊತ್ತ ಪಡೆಯಲು ಆಗುವುದಿಲ್ಲ. ಅವರ ಕೈಯಲ್ಲಿರುವುದು ಆದೇಶ ಮಾತ್ರ.

ಪ್ರಮಾಣದ ಲೆಕ್ಕದ ಬಗ್ಗೆಯೂ ಅಂತರ್ಜಾಲದಲ್ಲಿ ತಪ್ಪುಗಳು ತುಂಬಿವೆ. ಒಂದು ಅಂಗದ ನ್ಯೂನತೆ ಶೇ 40, ಇನ್ನೊಂದರದು ಶೇ 30 ಇದ್ದರೆ ಒಟ್ಟು ಶೇ 70 ಆಗುತ್ತದೆ ಎಂದು ಧೈರ್ಯವಾಗಿ ಹೇಳುವವರಿದ್ದಾರೆ. ವೈದ್ಯರು ಹಾಗೆ ಕೂಡುವುದಿಲ್ಲ. ಕೇಂದ್ರ ಸರ್ಕಾರ 2018ರ ಜನವರಿ 4ರಂದು ಹೊರಡಿಸಿದ ಮೌಲ್ಯಮಾಪನ ಮಾರ್ಗಸೂಚಿಯಲ್ಲಿ ಒಂದು ಸೂತ್ರವಿದೆ. ದೊಡ್ಡ ಪ್ರಮಾಣವನ್ನು 90ರಿಂದ ಕಳೆದು, ಉಳಿದದ್ದನ್ನು ಸಣ್ಣ ಪ್ರಮಾಣದಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡದಕ್ಕೆ ಕೂಡಬೇಕು. ಮೇಲಿನ ಉದಾಹರಣೆಯಲ್ಲಿ ಅದು ಸುಮಾರು ಶೇ 57 ಆಗುತ್ತದೆ. ಈ ಲೆಕ್ಕ ಗೊತ್ತಿಲ್ಲದೆ ವೈದ್ಯರು ಮೋಸ ಮಾಡಿದರು ಎಂದು ಮನಸ್ಸು ಕೆಡಿಸಿಕೊಂಡವರನ್ನು ನಾನು ಕಂಡಿದ್ದೇನೆ. ನಿಜವಾಗಿಯೂ ಕಡಿಮೆ ಕೊಟ್ಟಿದ್ದಾರೆ ಎನಿಸಿದರೆ ಮೇಲ್ಮನವಿಗೆ ಕಾಯ್ದೆಯ 59ನೆಯ ಸೆಕ್ಷನ್ ಅವಕಾಶ ಕೊಡುತ್ತದೆ.

ಇದಕ್ಕೆ ಸೇರಿದ ಇನ್ನೊಂದು ವಿಷಯ ನಮ್ಮ ಸೀಮೆಗೆ ಬಹಳ ಮುಖ್ಯವಾದದ್ದು. ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಹೆಸರಿನಿಂದಲೇ ಕರೆಯುವ, ಸೊಂಟ ಮತ್ತು ಕೀಲುಗಳನ್ನು ಸವೆಸುವ, ವಂಶವಾಹಿಯಾಗಿ ಬರುವ ಕಾಯಿಲೆಯೊಂದು ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕೆಲವು ಕುಟುಂಬಗಳಲ್ಲಿದೆ. ಆ ಕುಟುಂಬದ ಯಾರಾದರೂ 21 ಅಂಗವೈಕಲ್ಯಗಳ ಪಟ್ಟಿಯನ್ನು ಮೊಬೈಲಿನಲ್ಲಿ ತೆಗೆದು ನೋಡಿದರೆ ಹಂದಿಗೋಡು ಕಾಯಿಲೆ ಎಂಬ ಹೆಸರು ಅದರಲ್ಲಿ ಸಿಗುವುದಿಲ್ಲ. ಸಿಗಲಿಲ್ಲವೆಂದು ಸುಮ್ಮನಾಗಬಾರದು. ವೈದ್ಯರು ಅಳೆಯುವುದು ಕಾಯಿಲೆಯ ಹೆಸರನ್ನಲ್ಲ, ನಡೆಯುವ, ಕೂರುವ, ಹಿಡಿಯುವ ಶಕ್ತಿ ಎಷ್ಟು ಕುಂದಿದೆ ಎಂಬುದನ್ನು. ಚಲನ ಸಂಬಂಧಿ ಅಂಗವೈಕಲ್ಯ ಎಂಬ ಶೀರ್ಷಿಕೆಯಡಿ ಅವರೂ ಮೌಲ್ಯಮಾಪನಕ್ಕೆ ಹೋಗಬಹುದು. ಅಡಿಕೆ ಮರ ಹತ್ತಿ ಕೆಲಸ ಮಾಡುವಾಗ ಬಿದ್ದ ಕೊನೆಗಾರರೂ ಅದೇ ಶೀರ್ಷಿಕೆಯಡಿ ಬರುತ್ತಾರೆ, ನಿಮ್ಮ ತಮ್ಮನ ಪ್ರಮಾಣಪತ್ರವನ್ನು ತೆಗೆದು ನೋಡಿದರೆ ಅದೇ ಪದ ಕಾಣಬಹುದು.

ಸಾಮಾನ್ಯವಾಗಿ ತಪ್ಪು ಮಾಹಿತಿ ಎಂದರೆ ಇಲ್ಲದ ಆಸೆ ಹುಟ್ಟಿಸುವ ಮಾಹಿತಿ ಎಂದು ತಿಳಿಯುತ್ತೇವೆ. 6,000 ಬರುತ್ತದೆ ಎಂದು ನಂಬಿ ಬಂದವರಿಗೆ ಕಚೇರಿಯಲ್ಲಿ ಬೇಸರವಾಗುತ್ತದೆ, ಆದರೆ ಅವರು ಬಂದಿರುತ್ತಾರೆ, ಅರ್ಜಿ ಹಾಕಿ ಹೋಗುತ್ತಾರೆ. ನನ್ನ ಅನುಭವದಲ್ಲಿ ಹೆಚ್ಚು ಹಾನಿ ಮಾಡಿದ್ದು ‘ನಿಮಗೆ ಸಿಗುವುದಿಲ್ಲ’ ಎಂದು ಹೇಳುವ ತಪ್ಪು ಮಾಹಿತಿ. ಅದನ್ನು ನಂಬಿದವರು ಕಚೇರಿಗೆ ಬರುವುದೇ ಇಲ್ಲ, ಅವರ ನಷ್ಟ ಯಾವ ಕಡತದಲ್ಲಿಯೂ ದಾಖಲಾಗುವುದಿಲ್ಲ.

ಒಮ್ಮೆ ಬೇರೆ ಕೆಲಸದ ಸ್ಥಳ ಪರಿಶೀಲನೆಗೆಂದು ಕಾಡಂಚಿನ ಒಂದು ಮನೆಗೆ ಹೋಗಿದ್ದೆ. ಜಗಲಿಯ ಮೇಲೆ ಹದಿಹರೆಯ ದಾಟಿದ ಮಗನೊಬ್ಬ ಕಾಲು ಚಾಚಿ ಕುಳಿತು ಅಡಿಕೆ ಸುಲಿಯುತ್ತಿದ್ದ, ಒಂದು ಕಾಲು ಮರದ ಕೊರಡಿನ ಹಾಗೆ ಬಿಗಿದುಕೊಂಡಿತ್ತು. ಪಿಂಚಣಿ ಬರುತ್ತಿದೆಯೇ ಎಂದು ಅವನ ತಾಯಿಯನ್ನು ಕೇಳಿದೆ. ಆಕೆ ಒಳಗೆ ಹೋಗಿ ಟ್ರಂಕಿನ ತಳದಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಪ್ರಮಾಣಪತ್ರವನ್ನು ತಂದು ಕೊಟ್ಟರು. ಮಳೆಗಾಲದ ತೇವಕ್ಕೆ ಅಂಚು ಹಳದಿಯಾಗಿತ್ತು, ಮಧ್ಯದಲ್ಲಿ ಶೇ 55 ಎಂಬ ಬರಹ ಸ್ಪಷ್ಟವಾಗಿ ಉಳಿದಿತ್ತು. ‘ಎಂಬತ್ತು ಬೇಕಂತಲ್ಲ ಸಾರ್, ಅಳಿಯ ಮೊಬೈಲಲ್ಲಿ ನೋಡಿ ಹೇಳಿದ. ಅದಕ್ಕೇ ಹಾಕ್ಲಿಲ್ಲ’ ಎಂದರು. ಪ್ರಮಾಣಪತ್ರಕ್ಕೆ ಆಗ ನಾಲ್ಕು ವರ್ಷ ತುಂಬಿತ್ತು. ಅರ್ಜಿ ಹಾಕುವುದಕ್ಕೆ ಮುಂಚಿನ ತಿಂಗಳುಗಳ ಪಿಂಚಣಿ ಯಾರಿಗೂ ಸಿಗುವುದಿಲ್ಲ. ಆ ನಾಲ್ಕು ವರ್ಷದ ಹಣ ಆ ಮನೆಗೆ ಬರಲೇ ಇಲ್ಲ. ಅಳಿಯನದು ತಪ್ಪಲ್ಲ, ಅವನು ಓದಿದ್ದು ಕೇಂದ್ರದ ಯೋಜನೆಯ ಸರಿಯಾದ ನಿಯಮವನ್ನೇ. ಅಂದಿನಿಂದ ನಾನು ಕಂಡವರಿಗೆಲ್ಲ ಹೇಳುತ್ತ ಬಂದಿರುವುದು ಇಷ್ಟು: ಸಿಗುತ್ತದೆ ಎಂಬುದನ್ನು ಓದಿದರೆ ಪರಿಶೀಲಿಸಿ, ಸಿಗುವುದಿಲ್ಲ ಎಂಬುದನ್ನು ಓದಿದರೆ ಎರಡು ಸಲ ಪರಿಶೀಲಿಸಿ. ಅರ್ಜಿಯನ್ನು ತಿರಸ್ಕರಿಸುವ ಅಧಿಕಾರ ಕಚೇರಿಗೆ ಇದೆ, ಅದೂ ಕಾರಣ ಬರೆದು. ನಮ್ಮ ಅರ್ಜಿಯನ್ನು ನಾವೇ ಮನೆಯಲ್ಲಿ ಕುಳಿತು ತಿರಸ್ಕರಿಸಿಕೊಳ್ಳಬಾರದು.

ಸರಿಯಾದ ಮಾಹಿತಿಯೇ ನಮ್ಮ ಊರಿಗೆ ಹೊಂದದಿರುವುದೂ ಉಂಟು. ಅಂಗವಿಕಲರಿಗೆ ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸ್ ಕೊಡುತ್ತದೆ, ವರ್ಷಕ್ಕೆ 660 ರೂಪಾಯಿ ಕಟ್ಟಿದರೆ ವಾಸಸ್ಥಳದಿಂದ 100 ಕಿಲೋಮೀಟರಿನವರೆಗೆ ಪ್ರಯಾಣಿಸಬಹುದು, ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬಹುದು ಎಂದು ಓದುತ್ತೀರಿ. ಇದರಲ್ಲಿ ತಪ್ಪಿಲ್ಲ. ಆದರೆ ಹೊಸನಗರ, ತೀರ್ಥಹಳ್ಳಿ, ಕೊಪ್ಪದ ಕಡೆ ಎಷ್ಟೋ ಹಳ್ಳಿಗಳಿಗೆ ಬರುವುದು ಖಾಸಗಿ ಬಸ್ಸುಗಳು, ಅವುಗಳಲ್ಲಿ ನಿಗಮದ ಪಾಸ್ ನಡೆಯುವುದಿಲ್ಲ. ನಿಮ್ಮ ಊರಿನ ದಾರಿಯಲ್ಲಿ ಸರ್ಕಾರಿ ಬಸ್ ಓಡುತ್ತದೆಯೇ ಎಂದು ನೋಡಿಕೊಂಡು ಪಾಸ್ ಮಾಡಿಸಿ. ಶಿವಮೊಗ್ಗಕ್ಕೆ ಚಿಕಿತ್ಸೆಗೆಂದು ತಿಂಗಳಿಗೆ ಎರಡು ಸಲ ಹೋಗಿಬರುವುದಿದ್ದರೆ, ಹೊಸನಗರದವರೆಗೆ ಖಾಸಗಿ ಬಸ್ಸಿನಲ್ಲಿ ಬಂದು ಮುಂದೆ ಸರ್ಕಾರಿ ಬಸ್ ಹಿಡಿದರೂ ಪಾಸಿನಿಂದ ಲಾಭವಿದೆ.

ಇಷ್ಟೆಲ್ಲ ಹೇಳಿದ್ದನ್ನು ಕೇಳಿ ಅಂತರ್ಜಾಲವನ್ನೇ ಬಿಡಬೇಕೆಂದು ತಿಳಿಯಬೇಡಿ. ಕೆಲವು ವಿಷಯಗಳಿಗೆ ಅದರಷ್ಟು ಉಪಕಾರಿ ಬೇರೆ ಇಲ್ಲ. ಕಾಯ್ದೆಯ ಪೂರ್ಣ ಪಠ್ಯ, ಅರ್ಜಿ ನಮೂನೆ, ಅರ್ಜಿಯ ಸ್ಥಿತಿ ಇವು ಮನೆಯಲ್ಲೇ ಕುಳಿತು ನೋಡಬಹುದಾದವು. 2021ರ ಜೂನ್ 1ರಿಂದ ಅಂಗವೈಕಲ್ಯ ಪ್ರಮಾಣಪತ್ರವನ್ನು ಯುಡಿಐಡಿ ಜಾಲತಾಣದ ಮೂಲಕವೇ ಕೊಡಬೇಕೆಂದು ಕೇಂದ್ರ ಕಡ್ಡಾಯ ಮಾಡಿದ ಮೇಲಂತೂ ಅದಿಲ್ಲದೆ ಕೆಲಸ ನಡೆಯುವುದಿಲ್ಲ. ಕಾರ್ಡಿನ ಬಣ್ಣದ ಪಟ್ಟಿಯ ಅರ್ಥ ಕೂಡ ಅಲ್ಲಿಯೇ ತಿಳಿಯುತ್ತದೆ. ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, ಶೇ 40ರಿಂದ 80ರೊಳಗೆ ಹಳದಿ, ಶೇ 80 ಮತ್ತು ಮೇಲಿದ್ದರೆ ನೀಲಿ. ನಿಮ್ಮ ತಮ್ಮನದು ಹಳದಿಯಾಗಿರಬೇಕು. ಇದೇ ಪರಿಸ್ಥಿತಿಯಲ್ಲಿರುವ ಬೇರೆಯವರು ತಮ್ಮ ಅನುಭವವನ್ನು ಬರೆದುಕೊಳ್ಳುವ ಗುಂಪುಗಳೂ ಒಳ್ಳೆಯವೇ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಯಾವ ದಿನ ಹೋದರೆ ಮೂಳೆತಜ್ಞರು ಸಿಗುತ್ತಾರೆ, ಯಾವ ಕೌಂಟರಿನಲ್ಲಿ ಚೀಟಿ ಮಾಡಿಸಬೇಕು ಎಂಬಂಥವನ್ನು ಹೋಗಿಬಂದವರಷ್ಟು ಚೆನ್ನಾಗಿ ಯಾರೂ ಹೇಳಲಾರರು. ಆದರೆ ಅದೇ ವ್ಯಕ್ತಿ ‘ನನಗೆ 1,400 ಬರುತ್ತದೆ, ನಿಮಗೂ ಬರುತ್ತದೆ’ ಎಂದಾಗ ನಂಬಬಾರದು. ಅವರ ಪ್ರಮಾಣ ಬೇರೆ, ಮಂಜೂರಾದ ವರ್ಷ ಬೇರೆ.

ಈಚೆಗೆ ಮೊಬೈಲಿನ ಕೃತಕ ಬುದ್ಧಿಮತ್ತೆಯನ್ನೇ ನೇರವಾಗಿ ಕೇಳುವವರೂ ಹೆಚ್ಚಾಗಿದ್ದಾರೆ. ಅದು ಹಳೆಯ ಪುಟ, ಹೊಸ ಪುಟ, ಕೇಂದ್ರದ್ದು, ರಾಜ್ಯದ್ದು ಎಲ್ಲವನ್ನೂ ಬೆರೆಸಿ ನಯವಾದ ಕನ್ನಡದಲ್ಲಿ ಒಂದೇ ಉತ್ತರವಾಗಿ ಕೊಡಬಲ್ಲದು, ಆಗ ಬೆಸುಗೆ ಎಲ್ಲಿದೆ ಎಂಬುದು ನಮಗೆ ಕಾಣುವುದಿಲ್ಲ. ಕಷ್ಟದ ಇಂಗ್ಲಿಷ್ ಸುತ್ತೋಲೆಯ ಅರ್ಥ ತಿಳಿಯಲು ಬಳಸಿ, ಮೊತ್ತ ಮತ್ತು ಅರ್ಹತೆಯನ್ನು ಮಾತ್ರ ಆದೇಶದಲ್ಲಿಯೇ ನೋಡಿ.

ನೀವು ಹೇಳಿದ 499 ರೂಪಾಯಿಯ ಜಾಲತಾಣದ ವಿಷಯ. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕುವುದು ಉಚಿತ, ಪಿಂಚಣಿಗೆ ನೋಂದಣಿ ಶುಲ್ಕ ಎಂಬುದೇ ಇಲ್ಲ. ಗ್ರಾಮ ಒನ್‌ನಂಥ ಕೇಂದ್ರಗಳಲ್ಲಿ ನಿಗದಿಯಾದ ಸಣ್ಣ ಸೇವಾ ಶುಲ್ಕ ಇರಬಹುದು, ಅದಕ್ಕೆ ರಸೀದಿ ಕೊಡುತ್ತಾರೆ. ಜಾಲತಾಣದ ವಿಳಾಸದ ಕೊನೆಯಲ್ಲಿ ‘ಡಾಟ್ ಗವ್ ಡಾಟ್ ಇನ್’ ಎಂದಿದೆಯೇ ಎಂದು ನೋಡಬೇಕು, ಆ ಕೊನೆಯನ್ನು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಕೊಡುತ್ತಾರೆ. ‘ಗವ್’ ಎಂಬ ಅಕ್ಷರಗಳು ನಡುವೆ ಎಲ್ಲೋ ಬಂದು ಕೊನೆ ‘ಡಾಟ್ ಕಾಮ್’ ಎಂದಿದ್ದರೆ ಅದು ಸರ್ಕಾರದ್ದಲ್ಲ. ಆಧಾರ್ ಸಂಖ್ಯೆಯನ್ನು ಆಗಲೇ ಬರೆದುಬಿಟ್ಟಿರುವುದರಿಂದ, ಪಿಂಚಣಿ ಮಂಜೂರಾಗಿದೆ, ಒಟಿಪಿ ಹೇಳಿ ಎಂಬ ಕರೆ ಬರುವ ಸಾಧ್ಯತೆ ಇದೆ. ಯಾವ ಇಲಾಖೆಯೂ ಫೋನಿನಲ್ಲಿ ಒಟಿಪಿ ಕೇಳುವುದಿಲ್ಲ. ಖಾತೆಯಿಂದ ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನು ಮಾಡಬೇಕಾದ ಕೆಲಸ. ಮೊದಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ಜನ ವಿಆರ್‌ಡಬ್ಲ್ಯು ಎಂದೇ ಕರೆಯುವ ಇವರು ಸಾಮಾನ್ಯವಾಗಿ ಸ್ವತಃ ಅಂಗವಿಕಲರು, ಇದೇ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದವರು. ಹತ್ತು ವಿಡಿಯೊ ನೋಡುವುದಕ್ಕಿಂತ ಅವರ ಜೊತೆ ಹತ್ತು ನಿಮಿಷ ಮಾತನಾಡುವುದು ಮೇಲು. ಆಮೇಲೆ ಅಂಗವೈಕಲ್ಯ ಪ್ರಮಾಣಪತ್ರ, ಯುಡಿಐಡಿ ಕಾರ್ಡ್, ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಅಥವಾ ಅಂಚೆ ಕಚೇರಿಯ ಪಾಸ್‌ಬುಕ್ ಹಿಡಿದು ನಾಡಕಚೇರಿಗೆ ಹೋಗಿ. ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಮೊದಲೇ ಕೇಳಿಕೊಳ್ಳಿ, ಮಂಜೂರಾದ ಮೇಲೂ ಹಣ ಬಾರದಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಅರ್ಜಿ ಕೊಟ್ಟಾಗ ನಿಗದಿತ ಅವಧಿಯೊಳಗೆ ಸೇವೆ ಕೊಡುವ ಸರ್ಕಾರಿ ವ್ಯವಸ್ಥೆಯಾದ ಸಕಾಲದ 15 ಅಂಕಿಯ ಸಂಖ್ಯೆ ಇರುವ ಸ್ವೀಕೃತಿ ಚೀಟಿಯನ್ನು ತಪ್ಪದೆ ಪಡೆಯಿರಿ. ಶೇ 80ರ ಮಾತು ಕಚೇರಿಯಲ್ಲಿಯೇ ಯಾರಾದರೂ ಹೇಳಿದರೆ, ಅದನ್ನು ಹಿಂಬರಹದಲ್ಲಿ, ಅಂದರೆ ಕಚೇರಿಯ ಲಿಖಿತ ಉತ್ತರದಲ್ಲಿ, ಬರೆದುಕೊಡಿ ಎಂದು ವಿನಯದಿಂದ ಕೇಳಿ.

ಅರ್ಜಿ ಮುಂದೆ ಸಾಗದಿದ್ದರೆ ರಾಜ್ಯ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಯಾವ ಆದೇಶದ ಪ್ರಕಾರ ಯಾವ ದರ ಜಾರಿಯಲ್ಲಿದೆ ಎಂದು ಬರಹದಲ್ಲಿಯೇ ಬೇಕಿದ್ದರೆ 10 ರೂಪಾಯಿ ಶುಲ್ಕದೊಂದಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ನಮ್ಮ ರಾಜ್ಯದಲ್ಲಿ ಅದು ಒಂದೇ ವಿಷಯದ ಮೇಲೆ, 150 ಪದಗಳೊಳಗೆ ಇರಬೇಕು. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ, 30 ದಿನದೊಳಗೆ ಉತ್ತರ ಕೊಡಬೇಕು. ಇನ್ನೂ ಮುಂದಕ್ಕೆ ಹೋಗಬೇಕಾದರೆ ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. 1987ರ ಕಾಯ್ದೆಯ ಪ್ರಕಾರ ಅಂಗವಿಕಲರಿಗೆ ಉಚಿತ ಕಾನೂನು ನೆರವು ಸಿಗುತ್ತದೆ.

ಅರ್ಜಿ ಹಾಕಿದ ಮೇಲೆ ಗ್ರಾಮ ಆಡಳಿತ ಅಧಿಕಾರಿ ಸ್ಥಳ ಪರಿಶೀಲನೆಗೆ ನಿಮ್ಮ ಮನೆಗೆ ಬರುತ್ತಾರೆ. ಆ ದಿನ ತಮ್ಮ ಮನೆಯಲ್ಲಿರಲಿ, ಮೂಲ ಪ್ರಮಾಣಪತ್ರ ಕೈಗೆ ಸಿಗುವಂತಿರಲಿ. ಮಳೆಗಾಲವಾದರೆ ಅದನ್ನು ಟ್ರಂಕಿನ ತಳದಲ್ಲಿ ಇಡಬೇಡಿ, ತೇವ ಹಿಡಿದು ಮೊಹರು ಅಳಿಸಿಹೋಗುತ್ತದೆ. ಗಾಳಿಯಾಡುವ ಕಡೆ ಇಟ್ಟು, ಎರಡು ನಕಲು ಪ್ರತಿ ಬೇರೆ ಮಾಡಿಸಿಡಿ.